ಕೊಟ್ಟಿಗೆಯೊಳಗೊಂದು ಕೋಣೆ: ಬಿಯರ್ ಬಿಟ್ಟು ಅಣಬೆ

ಹಾಸ್ಟೆಲಲ್ಲಿ ಒಂದು ರಾತ್ರಿ ವಿಡಿಯೊ ನೋಡ್ತಿದ್ವಿ. ಅಮೆರಿಕದ ರೈತನೊಬ್ಬ ಹಳೇ ಕೊಟ್ಟಿಗೆಯ ಒಳಗೆ ಇನ್ನೊಂದು ಪುಟ್ಟ ಕೋಣೆ ಕಟ್ಟಿ, ಮನೆಗೆ ಬೇಕಾದ ಬಿಯರ್ ತಾನೇ ಮಾಡಿಕೊಳ್ಳುತ್ತಾನೆ. ಅಲ್ಲಿ 1978ರ ಕಾನೂನು ಅದಕ್ಕೆ ದಾರಿ ಮಾಡಿಕೊಟ್ಟಿತು. "ಜನವಾಡದಾಗ ನಿಮ್ದು ಕೊಟ್ಟಿಗಿ ಅರ್ಧ ಖಾಲಿನೇ ಅದ ಅಲ್ಲಲೇ, ಮಾಡು" ಅಂತ ಗೆಳೆಯರು ಕಾಡಿದರು. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಮನೆಮಟ್ಟಿಗೆ ಅಂದರೂ ಬಿಡುವುದಿಲ್ಲ.

ಬಿಯರ್ ಹೋಯ್ತು, ಕೋಣೆ ಮಾತ್ರ ತಲೆಯಲ್ಲೇ ಉಳೀತು. ನಮ್ಮ ಕಡೆ ಸೋಯಾ ರಾಶಿ ಆದಮೇಲೆ ಹೊಟ್ಟಿಗೆ ಬರವಿಲ್ಲ. ಅದರ ಮೇಲೆ ಚಿಪ್ಪಣಬೆ ಚೆನ್ನಾಗಿ ಬೆಳೆಯುತ್ತದೆ. ಬಿಯರಿನ ಯೀಸ್ಟ್‌ನಂತೆ ಅಣಬೆಯೂ ಒಂದು ಶಿಲೀಂಧ್ರವೇ, ಅದಕ್ಕೂ ಬೇಕಾದದ್ದು ಹದವಾದ ತಾಪಮಾನ ಮತ್ತು ಸ್ವಚ್ಛತೆ. ಅಣಬೆಗೆ ಇವೆರಡರ ಜೊತೆ ಶೇ 80–90ರಷ್ಟು ತೇವಾಂಶವೂ ಬೇಕು.

ಕಳೆದ ಏಪ್ರಿಲ್‌ನಲ್ಲಿ ಕಾಕಾ ಮತ್ತು ನಾನು ಕೊಟ್ಟಿಗೆಯ ಮೂಲೆಯಲ್ಲಿ 10x12 ಅಡಿ ಜಾಗಕ್ಕೆ ತಾಡಪತ್ರಿ ಕಟ್ಟಿ, ಗೋಣಿಚೀಲ ಇಳಿಬಿಟ್ಟು, ಒಳಗೆ ಒಂದು ಕೂಲರ್ ಇಟ್ಟು ಬಾಗಿಲು ಹಾಕಿದೆವು. ನಲವತ್ತು ಚೀಲ ಹೊಟ್ಟು ತುಂಬಿದ್ದೆವು. ಅರ್ಧಕ್ಕರ್ಧ ಹಸಿರು ಬೂಸ್ಟು ಹಿಡಿದು ಹೋದವು. ಉಳಿದವುಗಳಲ್ಲಿ ಹುಟ್ಟಿದ ಅಣಬೆಗೆ ಉದ್ದ ಕಾಲು, ಗುಂಡಿಯಷ್ಟು ಟೊಪ್ಪಿಗೆ. "ಇದೇನ್ ತಮ್ಮಾ, ಮೊಳೆ ಬೆಳ್ದಂಗ್ ಬೆಳ್ದಾವ" ಅಂದರು ಕಾಕಾ. ಊರಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದ್ದೂ ಮೊದಲು ಹೋಗಿ ಕೇಳದ್ದು ನಮ್ಮ ತಪ್ಪು. ಅದಕ್ಕಿಂತ ನಾಚಿಕೆ ಏನಂದರೆ, ಸೈಕ್ರೊಮೆಟ್ರಿಕ್ ಚಾರ್ಟ್ ಬರೆದು ಪಾಸಾದವನು ನಾನು.

ಕೂಲರ್ ತಂಪು ಮಾಡುವುದು ನೀರು ಆವಿಯಾಗುವುದರಿಂದ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿದರೆ ಅದು ಇಳಿದು ಒಂದು ಅಂಕೆಯಲ್ಲಿ ನಿಲ್ಲುತ್ತದಲ್ಲ, ಅದೇ ವೆಟ್ ಬಲ್ಬ್ ತಾಪಮಾನ. ಕೂಲರ್ ಅದಕ್ಕಿಂತ ಕೆಳಗೆ ಇಳಿಸಲಾರದು. ಹೊರಗೆ 40 ಡಿಗ್ರಿ, ತೇವಾಂಶ ಶೇ 20 ಇದ್ದರೆ ವೆಟ್ ಬಲ್ಬ್ ಸುಮಾರು 22. ಒಳ್ಳೆಯ ಕೂಲರ್ ಈ 18 ಡಿಗ್ರಿ ಅಂತರದ ಶೇ 80ರಷ್ಟು ಇಳಿಸಿ 26ರ ಹತ್ತಿರದ ಗಾಳಿ ಕೊಡುತ್ತದೆ. ಚಿಪ್ಪಣಬೆಗೆ ಅದು ಸಾಕು. (ಸಾಮಾನ್ಯ ಏಲ್ ಬಿಯರಿನ ಯೀಸ್ಟ್‌ಗೆ 18–20 ಬೇಕು. ಅಂದರೆ ಕಾಯ್ದೆ ಬಿಟ್ಟರೂ ನಮ್ಮೂರಿನ ಬೇಸಿಗೆ ಬಿಡುತ್ತಿರಲಿಲ್ಲ.)

ಆದರೆ ಈ ಲೆಕ್ಕ ನಿಲ್ಲುವುದು ಹೊರಗಿನ ಒಣಗಾಳಿ ಎಳೆದರೆ ಮಾತ್ರ. ಮುಚ್ಚಿದ ಕೋಣೆಯಲ್ಲಿ ಕೂಲರ್ ತಾನೇ ಒದ್ದೆ ಮಾಡಿದ ಗಾಳಿಯನ್ನು ಮತ್ತೆ ಮತ್ತೆ ತಿರುಗಿಸುತ್ತದೆ. ಸ್ವಲ್ಪ ಹೊತ್ತಿಗೆ ಆವಿ ಆಗುವುದೇ ನಿಲ್ಲುತ್ತದೆ, ಸೆಖೆ ಉಳಿಯುತ್ತದೆ. ಜೊತೆಗೆ ಅಣಬೆ ಉಸಿರಾಡಿ ಬಿಟ್ಟ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುವುದಿಲ್ಲ. ಉದ್ದ ಕಾಲಿಗೆ ಕಾರಣ ಅದೇ. ಮೀಟರ್ ಕೊಳ್ಳಬೇಕಿಲ್ಲ, ಅಣಬೆಯ ಆಕಾರ ನೋಡಿದರೆ ಗಾಳಿ ಸಾಲದು ಅಂತ ಗೊತ್ತಾಗುತ್ತದೆ.

ಎರಡನೇ ಸಲ ಕೂಲರನ್ನು ಹೊರಗೋಡೆಯಲ್ಲಿ ಕೂಡಿಸಿ, ಎದುರು ಗೋಡೆಯ ಮೇಲ್ಭಾಗದಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿದೆವು. ಗಾಳಿ ನೇರ ಚೀಲಕ್ಕೆ ಬಡಿದು ಒಣಗದಂತೆ ಮುಂದೊಂದು ಗೋಣಿ ಅಡ್ಡ. ಮಳೆಗಾಲದಲ್ಲಿ ಪಂಪ್ ಬಂದ್, ಫ್ಯಾನ್ ಮಾತ್ರ.

ಇನ್ನು ಮೇಲ್ಛಾವಣಿ. ಬಿಸಿಲಿಗೆ ಕಾದ ತಗಡು 60 ಡಿಗ್ರಿ ಮುಟ್ಟುತ್ತದೆ. ಅದರ ಕೆಳಗೆ ಏನೂ ಇಲ್ಲದಿದ್ದರೆ 120 ಚದರ ಅಡಿಗೆ ಸುಮಾರು 2 ಕಿಲೋವ್ಯಾಟ್ ಶಾಖ ಒಳಗಿಳಿಯುತ್ತದೆ, ಎರಡು ಇಸ್ತ್ರಿಪೆಟ್ಟಿಗೆ ಹಚ್ಚಿಟ್ಟ ಹಾಗೆ. ತಗಡಿನಿಂದ ಎರಡೂವರೆ ಅಡಿ ಕೆಳಗೆ ಬಿದಿರು ಹಾಕಿ, ಎರಡು ಇಂಚಿನ ಥರ್ಮಾಕೋಲ್ ಹಾಸಿದೆವು. ನಡುವಿನ ಸಂದಿಯನ್ನು ಮಾತ್ರ ಮುಚ್ಚಲಿಲ್ಲ. ಅಲ್ಲಿ ಗಾಳಿ ಆಡಿದರೆ ಕೊಟ್ಟಿಗೆಯ ತಗಡು ಕೋಣೆಗೆ ಕೊಡೆಯಾಗುತ್ತದೆ. ಈಗ ಇಳಿಯುವ ಶಾಖ 100 ವ್ಯಾಟ್ ಆಸುಪಾಸು. ಕೊಟ್ಟಿಗೆಯ ಒಳಗೇ ಕೋಣೆ ಕಟ್ಟುವುದರ ಲಾಭ ಇದು. ಥರ್ಮಾಕೋಲಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಇದೆ, ಸ್ವಲ್ಪ ಇಳಿಜಾರಾಗಿ. ಹನಿ ಕಟ್ಟಿದರೆ ಗೋಡೆಗೆ ಹರಿಯಬೇಕು, ಚೀಲದ ಮೇಲೆ ಬೀಳಬಾರದು.

ಹಸಿರು ಬೂಸ್ಟಿಗೆ ಅರ್ಧ ಕಾರಣ ಸೆಖೆ, ಇನ್ನರ್ಧ ಕೊಟ್ಟಿಗೆಯ ಧೂಳು. ಈಗ ಎಮ್ಮೆ ಕಟ್ಟುವ ಕಡೆಯಿಂದ ಬಾಗಿಲಿಲ್ಲ, ಹಿತ್ತಲಿಂದ ಬೇರೆ ಬಾಗಿಲು. ಹೊಟ್ಟನ್ನು ರಾತ್ರಿಯಿಡೀ ನೆನೆಸಿ, 70–80 ಡಿಗ್ರಿ ನೀರಲ್ಲಿ ಒಂದು ತಾಸು ಇಟ್ಟು, ಬಸಿದು ತುಂಬುತ್ತೇವೆ. ಹಿಂಡಿದರೆ ಅಂಗೈ ಒದ್ದೆ ಆಗಬೇಕು, ನೀರು ತೊಟ್ಟಿಕ್ಕಬಾರದು.

ಒಂದು ವಿಷಯ ಯಾವ ವಿಡಿಯೊದಲ್ಲೂ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಎರಡನೇ ಬೆಳೆ ಚೆನ್ನಾಗಿ ಬಂತು, ಆದರೆ ಅವ್ವನಿಗೆ ಕೆಮ್ಮು ಶುರುವಾಯ್ತು. ಬಲಿತ ಚಿಪ್ಪಣಬೆ ಬೀಜಕಣಗಳನ್ನು ಸಣ್ಣ ಹಿಟ್ಟಿನಂತೆ ಉದುರಿಸುತ್ತದೆ. ದಿನಾ ಅದನ್ನು ಉಸಿರಾಡುವವರಲ್ಲಿ ಕೆಲವರಿಗೆ ಶ್ವಾಸಕೋಶದ ಅಲರ್ಜಿ ಬರುತ್ತದೆ. ನಮ್ಮ ಎಕ್ಸಾಸ್ಟ್ ಫ್ಯಾನ್ ನೇರ ಅಡುಗೆಮನೆಯ ಕಿಟಕಿಗೆ ಮುಖ ಮಾಡಿತ್ತು! ಅದನ್ನು ಕಿತ್ತು ಹೊಲದ ಕಡೆ ತಿರುಗಿಸಿದೆವು. ಟೊಪ್ಪಿಗೆಯ ಅಂಚು ಇನ್ನೂ ಒಳಕ್ಕೆ ಬಾಗಿರುವಾಗಲೇ ಕೀಳುತ್ತೇವೆ, ಒಳಗೆ ಹೋಗುವಾಗ ಮಾಸ್ಕ್. ಅವ್ವನ ಕೆಮ್ಮು ನಿಂತಿದೆ. ಆದರೂ ಆಕೆ ಈಗ ಕೋಣೆಯ ಒಳಗೆ ಬರುವುದಿಲ್ಲ, ಬಾಗಿಲಲ್ಲೇ ನಿಂತು ಬುಟ್ಟಿ ಇಸ್ಕೊಳ್ತಾಳೆ.