ಕೂಡಿ ನೋಡುವ ಉದ್ಘಾಟನೆ

ದೊಡ್ಡ ಕ್ರೀಡಾಕೂಟದ ಉದ್ಘಾಟನಾ ಸಮಾರಂಭದಲ್ಲಿ ಸೋಲು-ಗೆಲುವಿನ ಮಾತಿರುವುದಿಲ್ಲ. ಧ್ವಜಧಾರಿಯ ಹಿಂದೆ ಪ್ರತಿ ದೇಶದ ತಂಡವೂ ಸಾಗುವ ಪಥಸಂಚಲನ, ನಿಯಮ ಮೀರದೆ ಆಡುತ್ತೇವೆಂದು ಎಲ್ಲ ಕ್ರೀಡಾಪಟುಗಳ ಪರವಾಗಿ ಸ್ವೀಕರಿಸುವ ಪ್ರಮಾಣವಚನ ಮತ್ತು ಕೂಟ ಮುಗಿಯುವವರೆಗೆ ಉರಿಯುವ ಜ್ಯೋತಿ, ಈ ಮೂರೂ ಸಾಕ್ಷಿಗೆ ಜನ ನೆರೆದಾಗಲೇ ಅರ್ಥ ಪಡೆಯುತ್ತವೆ. ಬೀದರ್ ಸೀಮೆಯ ಜಾತ್ರೆಗಳ ಜಂಗಿ ಕುಸ್ತಿಯನ್ನು ಬಲ್ಲವರಿಗೆ ಇದು ಹೊಸದಲ್ಲ: ಅಖಾಡದ ಮಣ್ಣಿಗೆ ಪೂಜೆ ಸಲ್ಲಿಸಿ, ಹಲಗೆಯ ಸದ್ದಿನ ನಡುವೆ, ತೆಂಗಿನಕಾಯಿಯನ್ನೇ ಬಹುಮಾನವಾಗಿಟ್ಟ ಹುಡುಗರ ಕುಸ್ತಿಯಿಂದ ಆರಂಭವಾಗಿ ಬೆಳ್ಳಿ ಕಡಗದ ಕುಸ್ತಿಯವರೆಗೆ ನಡೆಯುವ ಆ ಆಟಕ್ಕೆ ಸುತ್ತ ಕುಳಿತ ಜನರೇ ಎಲ್ಲೆ, ಅವರೇ ಸಾಕ್ಷಿ.

ಕೂಡಿ ನೋಡುವ ಈ ರೂಢಿಗೆ ಟಿ.ವಿ.ಯೂ ಕಲ್ಯಾಣ ಕರ್ನಾಟಕದಲ್ಲಿ ಬೇಗನೆ ಜೊತೆಯಾಯಿತು. ಉಪಗ್ರಹದ ಮೂಲಕ ಹಳ್ಳಿಗಳಿಗೆ ಶಿಕ್ಷಣ ಕಾರ್ಯಕ್ರಮ ತಲುಪಿಸುವ ‘ಸೈಟ್’ ಎಂಬ ಪ್ರಯೋಗವು 1975ರ ಆಗಸ್ಟ್ 1ರಿಂದ ಒಂದು ವರ್ಷ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆದಾಗ, ಕರ್ನಾಟಕದಿಂದ ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು ಆಯ್ಕೆಯಾಗಿದ್ದವು. ಕೋಳಿಗೂಡಿಗೆ ಹೊದಿಸುವಂಥ ತಂತಿ ಜಾಲರಿಯಿಂದ ಮಾಡಿದ, ಸುಮಾರು 3 ಮೀಟರ್ ಅಗಲದ ಬೋಗುಣಿಯಾಕಾರದ ಆಂಟೆನಾ ಆಕಾಶದ ಸಂಕೇತವನ್ನು ಹಿಡಿಯುತ್ತಿತ್ತು; ಊರಿಗೊಂದೇ ಟಿ.ವಿ., ಅದೂ ಎಲ್ಲರದು. 1977ರಲ್ಲಿ ಗುಲ್ಬರ್ಗದಲ್ಲಿಯೇ ದೂರದರ್ಶನದ ಪ್ರಸಾರ ಆರಂಭವಾಯಿತು.

1982ರ ನವೆಂಬರ್ 19ರಂದು ದೆಹಲಿಯ ಜವಾಹರಲಾಲ್ ನೆಹರು ಕ್ರೀಡಾಂಗಣದಲ್ಲಿ ಏಷ್ಯನ್ ಕ್ರೀಡಾಕೂಟ ಉದ್ಘಾಟನೆಯಾದಾಗ, ಬಣ್ಣದ ಪ್ರಸಾರ ದೇಶಕ್ಕೆ ಆಗಷ್ಟೇ ಬಂದಿತ್ತು. ಟಿ.ವಿ. ಇದ್ದ ಮನೆಯ ಪಡಸಾಲೆಯೇ ಓಣಿಯ ಕ್ರೀಡಾಂಗಣವಾಗಿದ್ದ ಆ ಕಾಲದಲ್ಲಿ ಓಟಗಾರ್ತಿ ಗೀತಾ ಜುತ್ಷಿ ಪ್ರಮಾಣವಚನ ಸ್ವೀಕರಿಸಿದರು, ‘ಅಪ್ಪು’ ಎಂಬ ಆನೆಮರಿ ಲಾಂಛನವಾಗಿ ಮಕ್ಕಳ ಮನಸ್ಸು ಗೆದ್ದಿತು, ಕರಾವಳಿಯ ಚಾರ್ಲ್ಸ್ ಬೊರೊಮಿಯೊ 800 ಮೀಟರ್ ಓಟದಲ್ಲಿ ಚಿನ್ನ ತಂದರು.

2024ರ ಜುಲೈ 26ರಂದು ಪ್ಯಾರಿಸ್ ಒಲಿಂಪಿಕ್ಸ್ ತನ್ನ ಉದ್ಘಾಟನೆಯನ್ನು ಕ್ರೀಡಾಂಗಣದಿಂದ ಸೇನ್ ನದಿಗೆ ತಂದು, ದಡದಲ್ಲಿ ನೆರೆದ ಜನರ ಮುಂದೆ ತಂಡಗಳನ್ನು ದೋಣಿಗಳಲ್ಲಿ ಸಾಗಿಸಿತು. ಭಾರತದ ಧ್ವಜ ಪಿ.ವಿ. ಸಿಂಧು ಮತ್ತು ಶರತ್ ಕಮಲ್ ಅವರ ಕೈಯಲ್ಲಿತ್ತು. ಪ್ರತಿಯೊಬ್ಬರೂ ತಮ್ಮ ಮೊಬೈಲಿನಲ್ಲಿಯೇ ಅದನ್ನು ನೋಡಬಲ್ಲ ಈ ಕಾಲದಲ್ಲಿ, ಊರ ಬಯಲಿನಲ್ಲೊಂದು ಪರದೆ ಕಟ್ಟಿ ಕೂಡಿ ನೋಡುವುದು ಉಳಿಸಿಕೊಳ್ಳಬೇಕಾದ ರೂಢಿ. 1948ರಲ್ಲಿ ನಿಜಾಮನ ಪರವಾಗಿದ್ದ ರಜಾಕಾರರ ದಾಳಿಗೆ ಬಲಿಯಾದವರ ನೆನಪಿಗೆ 2023ರ ಮಾರ್ಚ್ 26ರಂದು 103 ಅಡಿ ಎತ್ತರದ ರಾಷ್ಟ್ರಧ್ವಜ ಹಾರಿದ ಬೀದರ್ ಜಿಲ್ಲೆಯ ಗೋರ್ಟಾ (ಬಿ) ಗ್ರಾಮದ ಜನರಿಗೆ, ತಂಡದ ಮುಂದೆ ಧ್ವಜ ಬರುವ ಗಳಿಗೆಯಲ್ಲಿ ಪಕ್ಕದವರೊಡನೆ ಎದ್ದು ನಿಲ್ಲುವುದೇಕೆಂದು ಯಾರೂ ವಿವರಿಸಬೇಕಾಗಿಲ್ಲ.