ಬ್ಯಾಂಡಿನಿಂದ ಹೊರಬಿದ್ದ ಓಜಿ ‘ಹುಚ್ಚು ರೈಲು’ ಹತ್ತಿದ!

ಇಂಟರ್‌ವಲ್‌ಗೆ ಸ್ವಲ್ಪ ಮುಂಚೆ ಹೀರೋ ಎಲ್ಲವನ್ನೂ ಕಳೆದುಕೊಂಡು ಬೀದಿಗೆ ಬೀಳುತ್ತಾನಲ್ಲ, ಥೇಟ್ ಅಂಥದೇ ಕಥೆ ಇದು. ಆದರೆ ಯಾವ ಕಥೆಗಾರನೂ ಹೆಣೆದದ್ದಲ್ಲ, ನಿಜವಾಗಿ ನಡೆದದ್ದು! ಹೀರೋ ಹೆಸರು ಓಜಿ ಆಸ್ಬೋರ್ನ್. ಊರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್.

1948ರಲ್ಲಿ ಕೂಲಿಕಾರರ ಬಡಾವಣೆಯಲ್ಲಿ ಹುಟ್ಟಿದ ಹುಡುಗ. ಕಸಾಯಿಖಾನೆಯಲ್ಲಿ ದುಡಿದ. ಕಳ್ಳತನ ಮಾಡಿ ಸಿಕ್ಕಿಬಿದ್ದು, ನಮ್ಮ ಕಡೆ ಹೇಳುವಂತೆ, ಜೈಲಿನ ಮುದ್ದೆಯನ್ನೂ ಮುರಿದ! ಮೂವರು ಗೆಳೆಯರೊಡನೆ ಕಟ್ಟಿದ ‘ಬ್ಲ್ಯಾಕ್ ಸಬಾತ್’ ತಂಡದ ಮೊದಲ ಎಲ್.ಪಿ. ರೆಕಾರ್ಡು 1970ರಲ್ಲಿ ಬಂತು. ಹೆವಿ ಮೆಟಲ್ ಎಂಬ ಗುಡುಗು ಸಂಗೀತಕ್ಕೆ ಅದೇ ನಾಂದಿ.

ಆದರೆ 1979ರಲ್ಲಿ ಓಜಿಯನ್ನು ತಂಡದಿಂದ ಹೊರಹಾಕಿದರು. ಕಾರಣ? ಕುಡಿತ, ಮಾದಕ ವಸ್ತು. ಉಳಿದವರೇನೂ ಗಂಗೆಯಲ್ಲಿ ಮಿಂದು ಬಂದವರಲ್ಲ ಬಿಡಿ! ಆದರೂ ಏಟು ಬಿದ್ದದ್ದು ಇವನಿಗೆ. ಸುದ್ದಿ ಮುಟ್ಟಿಸಿದವನು ಡ್ರಮ್ಮು ಬಾರಿಸುತ್ತಿದ್ದ ಆಪ್ತ ಗೆಳೆಯ ಬಿಲ್ ವಾರ್ಡ್.

ಮುಂದೆ? ಲಾಸ್ ಏಂಜಲಿಸ್‌ನ ಹೋಟೆಲು ಕೋಣೆಯಲ್ಲಿ ಪರದೆ ಎಳೆದುಕೊಂಡು ಕುಡಿತವೋ ಕುಡಿತ. ತನ್ನ ಕಥೆ ಮುಗಿಯಿತು ಅಂತಲೇ ಅಂದುಕೊಂಡಿದ್ದ. ಅಲ್ಲಿಂದ ಅವನನ್ನು ಎಬ್ಬಿಸಿದವಳು ಮ್ಯಾನೇಜರನ ಮಗಳು ಶರೋನ್. 1982ರಲ್ಲಿ ಅವನ ಮಡದಿಯಾದವಳೂ ಈಕೆಯೇ!

ಆಮೇಲೆ ಬಂದ ರ‍್ಯಾಂಡಿ ರೋಡ್ಸ್. ಇನ್ನೂ 22ರ ಹುಡುಗ. ತಾಯಿ ನಡೆಸುತ್ತಿದ್ದ ಸಂಗೀತ ಶಾಲೆಯಲ್ಲಿ ಗಿಟಾರ್ ಮೇಷ್ಟ್ರು. ಪರೀಕ್ಷೆಗೆಂದು ಬಂದವನು ತಂತಿ ಶ್ರುತಿ ಮಾಡುತ್ತಿದ್ದಾಗಲೇ ಓಜಿ ಒಪ್ಪಿಬಿಟ್ಟನೆಂಬ ಕಥೆ ಇವತ್ತಿಗೂ ಚಾಲ್ತಿಯಲ್ಲಿದೆ. ಬಾಸ್ ಗಿಟಾರಿಗೆ ಬಾಬ್ ಡೈಸ್ಲಿ, ಡ್ರಮ್ಮಿಗೆ ಲೀ ಕರ್‌ಸ್ಲೇಕ್ ಸೇರಿದರು. ಸಾಹಿತ್ಯದ ಬಹುಪಾಲು ಡೈಸ್ಲಿಯದೇ.

1980ರ ಸೆಪ್ಟೆಂಬರಿನಲ್ಲಿ ‘ಬ್ಲಿಜ಼ರ್ಡ್ ಆಫ್ ಓಜ್’ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. ಅದರಲ್ಲಿದ್ದ ‘ಕ್ರೇಜಿ ಟ್ರೇನ್’, ಅಂದರೆ ಹುಚ್ಚು ರೈಲು, ಪಡ್ಡೆ ಹುಡುಗರ ಎದೆ ನಡುಗಿಸಿತು! ಅದೇ ವರ್ಷ ಹಳೆಯ ತಂಡವೂ ಹೊಸ ಗಾಯಕ ಡಿಯೋ ಜೊತೆ ರೆಕಾರ್ಡು ತಂದಿತ್ತು. ಬ್ರಿಟನ್ನಿನ ಪಟ್ಟಿಯಲ್ಲಿ ಅದು ಏರಿದ್ದು 9ಕ್ಕೆ, ಓಜಿಯದು 7ಕ್ಕೆ! ಅಮೆರಿಕ ಒಂದರಲ್ಲೇ 40 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾದವು.

ರಕ್ಷಾಕವಚದ ಮೇಲೆ ಶಿಲುಬೆ ಹಿಡಿದು ಕೂತ ಓಜಿ ಒಬ್ಬನೇ. ಗೆದ್ದವನು ಒಬ್ಬನೇ ಏನು? ಅಲ್ಲೇ ಇದೆ ಕಥೆಯ ಕಹಿ.

1981ರಲ್ಲಿ ಡೈಸ್ಲಿ, ಕರ್‌ಸ್ಲೇಕ್ ಇಬ್ಬರನ್ನೂ ಕೈಬಿಟ್ಟರು. ಹೊರದಬ್ಬಿಸಿಕೊಂಡ ನೋವು ಉಂಡವನ ತಂಡದಲ್ಲೇ ಹೀಗಾಯಿತು! 1982ರ ಮಾರ್ಚ್ 19ರಂದು ಫ್ಲಾರಿಡಾದಲ್ಲಿ ಪುಟ್ಟ ವಿಮಾನ ಅಪ್ಪಳಿಸಿ ರ‍್ಯಾಂಡಿ ತೀರಿಕೊಂಡ. ವಯಸ್ಸು ಬರೀ 25. ತಮಗೆ ಬರಬೇಕಾದ ಹಣಕ್ಕಾಗಿ ಡೈಸ್ಲಿ, ಕರ್‌ಸ್ಲೇಕ್ ಕೋರ್ಟು ಮೆಟ್ಟಿಲು ಹತ್ತಿದರು. 2002ರ ಮರುಮುದ್ರಣದಲ್ಲಂತೂ ಅವರ ವಾದನವನ್ನೇ ಅಳಿಸಿ ಬೇರೆಯವರಿಂದ ನುಡಿಸಿದರು! ಅಭಿಮಾನಿಗಳು ಕೆಂಡವಾದರು. 2011ರಲ್ಲಿ ಮೂಲ ವಾದನ ಮರಳಿ ಬಂತು.

ಕ್ಯಾನ್ಸರಿನಿಂದ ಬಳಲುತ್ತಿದ್ದ ಕರ್‌ಸ್ಲೇಕ್ ಕೊನೆಗಾಲದಲ್ಲಿ ಕೇಳಿದ್ದು ಗೋಡೆಗೆ ತೂಗುಹಾಕಲು ಆ ರೆಕಾರ್ಡಿನ ಪ್ಲಾಟಿನಂ ಫಲಕ. ಓಜಿ ಕಳಿಸಿಕೊಟ್ಟ, ಜೊತೆಗೊಂದು ಪತ್ರವನ್ನೂ. 2020ರಲ್ಲಿ ಕರ್‌ಸ್ಲೇಕ್ ಕಣ್ಮುಚ್ಚಿದ.

2025ರ ಜುಲೈ 5ರಂದು ಹುಟ್ಟೂರಿನ ಮೈದಾನದಲ್ಲಿ ಓಜಿಯ ಕೊನೆಯ ಕಛೇರಿ. ನಿಲ್ಲಲಾಗದೆ ಸಿಂಹಾಸನದಲ್ಲಿ ಕೂತೇ ‘ಕ್ರೇಜಿ ಟ್ರೇನ್’ ಹಾಡಿದ. ಆಮೇಲೆ ಅಂದು ಹೊರಹಾಕಿದ ಗೆಳೆಯರೇ ಬಂದು ಅವನ ಹಾಡಿಗೆ ನುಡಿಸಿದರು! ಜುಲೈ 22ರಂದು, ತನ್ನ 76ನೇ ವಯಸ್ಸಿನಲ್ಲಿ, ಓಜಿಯೂ ಹೊರಟುಹೋದ.

ಗೆಳೆಯರೇ, ಆ ‘ಹುಚ್ಚು ರೈಲು’ ನಿಮ್ಮ ಕಿವಿಗೆ ಬಿದ್ದಾಗ ಗಾಯಕನ ಕೂಗಿಗೆ ಸಿಳ್ಳೆ ಹೊಡೆಯಿರಿ, ಬೇಡವೆನ್ನುವವರಾರು? ಜೊತೆಗೆ ಆ ಗಿಟಾರು, ಆ ಬಾಸು, ಆ ಡ್ರಮ್ಮಿಗೂ ಕಿವಿಗೊಡಿ. ಬಿದ್ದವನ ರಟ್ಟೆ ಹಿಡಿದು ಎತ್ತಿದ ಕೈಗಳು ಅವು!