ಎರೆ ಹೊಲದ ನೀರಿನ ಲೆಕ್ಕ

ಮಲಪ್ರಭೆಯ ದಡದ ಹೊಳೆಆಲೂರಿನಿಂದ ರೋಣದ ಕಡೆಗೆ ಹೊರಟರೆ ಎತ್ತ ನೋಡಿದರೂ ಎರೆ ಹೊಲ. ಮುಂಗಾರಿಯಲ್ಲಿ ಹೆಸರು, ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುವ ಸೀಮೆ ಇದು. ಹಿಂಗಾರಿ ಬೆಳೆಯ ಪಾಡು ಬೇರೆಯೇ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತನೆಯಾದ ಮೇಲೆ ಒಂದೆರಡು ಮಳೆ ಬಿದ್ದರೆ ಪುಣ್ಯ. ಆಮೇಲೆ ರಾಶಿಯಾಗುವವರೆಗೂ ಮಣ್ಣಿನ ಆಳದಲ್ಲಿ ಉಳಿದ ತೇವವನ್ನೇ ನಂಬಿ ಗಿಡ ನಿಲ್ಲಬೇಕು. ಜನವರಿ ಹೊತ್ತಿಗೆ ಕೈ ಇಳಿಯುವಷ್ಟು ಅಗಲಕ್ಕೆ ನೆಲ ಬಿರಿದಿರುತ್ತದೆ. ತೆನೆಯಲ್ಲಿ ಕಾಳು ಮಾತ್ರ ಇನ್ನೂ ಬಲಿಯುತ್ತಲೇ ಇರುತ್ತದೆ.

ಆಗ ಗಿಡದೊಳಗೆ ನಡೆಯುವುದೇನು?

ಎಲೆಯ ಮೈತುಂಬ ಬರಿಗಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಒಂದೊಂದು ರಂಧ್ರಕ್ಕೂ ಎರಡೆರಡು ಕಾವಲು ಕೋಶಗಳು. ಬೇರಿನ ಸುತ್ತ ತೇವ ಕಡಿಮೆಯಾದಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಏರುತ್ತದೆ. ಅದು ತಲುಪಿದೊಡನೆ ಕಾವಲು ಕೋಶಗಳಿಂದ ಪೊಟ್ಯಾಸಿಯಂ ಹೊರಹರಿಯುತ್ತದೆ, ಅದರ ಬೆನ್ನಿಗೇ ನೀರು. ಕೋಶಗಳು ಸೊರಗಿ ರಂಧ್ರ ಮುಚ್ಚುತ್ತದೆ. ನೀರು ಆವಿಯಾಗುವುದು ತಗ್ಗುತ್ತದೆ ನಿಜ, ಆದರೆ ಆಹಾರ ತಯಾರಿಕೆಗೆ ಬೇಕಾದ ಇಂಗಾಲದ ಡೈಆಕ್ಸೈಡಿಗೂ ಬಾಗಿಲು ಮುಚ್ಚಿದಂತಾಯಿತು. ನೀರಡಿಕೆಯಿಂದ ಪಾರಾಗಲು ಗಿಡ ಹಸಿವನ್ನು ಒಪ್ಪಿಕೊಳ್ಳುತ್ತದೆ. ಈ ಹಾರ್ಮೋನನ್ನು ಗುರುತು ಹಿಡಿಯುವ ಪ್ರೋಟೀನುಗಳು ಬೆಳಕಿಗೆ ಬಂದದ್ದು 2009ರಲ್ಲಿ. ಅದೇ ವರ್ಷ ಜೋಳದ ಹತ್ತು ವರ್ಣತಂತುಗಳ ಜೀನೋಮ್ (ಒಟ್ಟು ಡಿಎನ್‌ಎ) ನಕ್ಷೆ ಪ್ರಕಟವಾಯಿತು, ಕಡಲೆಯದು 2013ರಲ್ಲಿ.

ನಕ್ಷೆ ಸಿಕ್ಕಿತೆಂದು ಬರ ತಡೆಯುವ ಜೀನು ಕೈಗೆ ಸಿಕ್ಕಂತಲ್ಲ. ಯಾವ ಗಿಡ ಎಷ್ಟು ನೀರನ್ನು ಯಾವಾಗ ಕುಡಿಯುತ್ತದೆ ಎಂದು ಮೊದಲು ತಿಳಿಯಬೇಕು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಎಂಬ ಬೆಳೆ ಸಂಶೋಧನಾ ಸಂಸ್ಥೆಯಲ್ಲಿ ಇದಕ್ಕೊಂದು ಶ್ರಮದ ದಾರಿ ಹುಡುಕಿದರು. ಉದ್ದನೆಯ ಪಿವಿಸಿ ಕೊಳವೆಗಳಿಗೆ ಮಣ್ಣು ತುಂಬಿ, ಗುಂಡಿಯೊಳಗೆ ಸಾಲಾಗಿ ನಿಲ್ಲಿಸಿ, ಅವುಗಳಲ್ಲಿ ಗಿಡ ಬೆಳೆಸಿದರು. ಆಗಾಗ ಒಂದೊಂದೇ ಕೊಳವೆಯನ್ನು ರಾಟೆಯಿಂದ ಮೇಲೆತ್ತಿ ತೂಗಿದರು. ಇಳಿದ ತೂಕವೇ ಗಿಡ ಕುಡಿದ ನೀರು.

ಕಡಲೆಯ ಮೇಲೆ ನಡೆದ ಈ ತೂಗಾಟದಿಂದ 2011ರಲ್ಲಿ ಹೊರಬಿದ್ದ ಸಂಗತಿ ಗಮನಾರ್ಹ. ಬರ ತಾಳುವ ತಳಿಗಳು ಒಟ್ಟಾರೆ ಹೆಚ್ಚು ನೀರು ಹೀರಿರಲಿಲ್ಲ. ಎಳೆಯ ವಯಸ್ಸಿನಲ್ಲಿ ಕಡಿಮೆ ಕುಡಿದು, ಕಾಳು ಕಟ್ಟುವ ಕಾಲಕ್ಕೆ ಉಳಿಸಿಕೊಂಡಿದ್ದವು. ಸುಗ್ಗಿಯಲ್ಲೇ ಹಗೇವು ಬರಿದು ಮಾಡದೆ ಆಷಾಢಕ್ಕೂ ಜೋಳ ಉಳಿಸುವ ಮನೆಯೊಡತಿಯ ಲೆಕ್ಕಾಚಾರವೇ ಇದು.

ಜೋಳದ್ದೂ ಇದೇ ಕತೆ. ಇಥಿಯೋಪಿಯಾ ಮೂಲದ ಬಿ35 ಎಂಬ ತಳಿಯ ಎಲೆ ಕಾಳು ಬಲಿಯುವವರೆಗೂ ಹಸಿರಾಗಿಯೇ ಇರುತ್ತದೆ. ಈ ಗುಣದ ಹಿಂದೆ ಜೀನೋಮಿನ ನಾಲ್ಕು ಮುಖ್ಯ ಭಾಗಗಳಿವೆಯೆಂದು ಅಮೆರಿಕದ ಟೆಕ್ಸಾಸ್‌ನ ಸಂಶೋಧಕರು ಗುರುತಿಸಿದರು. ಅವು ಕೆಲಸ ಮಾಡುವ ಬಗೆಯನ್ನು ಆಸ್ಟ್ರೇಲಿಯಾದವರು 2014ರಲ್ಲಿ ಬಿಡಿಸಿ ಹೇಳಿದರು: ಮರಿಗವಲು ಕಡಿಮೆ, ಮೇಲಿನ ಎಲೆಗಳು ಚಿಕ್ಕವು, ಆದ್ದರಿಂದ ಹೂ ಬಿಡುವ ಮೊದಲು ನೀರಿನ ಖರ್ಚೂ ಕಡಿಮೆ.

ಹಸಿರು ಉಳಿಯುವುದರಿಂದ ಇನ್ನೊಂದು ಲಾಭವೂ ಉಂಟು. ಕಾಳು ತುಂಬುವಾಗ ತೇವ ಬತ್ತಿದರೆ ಜೋಳದ ದಂಟಿಗೆ ಇದ್ದಲು ಕೊಳೆ ರೋಗ ಬರುತ್ತದೆ. ಬುಡ ಸೀಳಿದರೆ ತಿರುಳು ಕರಗಿ ನಾರಷ್ಟೇ ಉಳಿದಿರುತ್ತದೆ, ಅದರ ಮೇಲೆ ಇದ್ದಲ ಪುಡಿ ಉದುರಿಸಿದಂಥ ಕಪ್ಪು. ಗಾಳಿಗೆ ಹೊಲವೇ ಮಲಗಿ ಕಾಳಿನ ಜೊತೆ ಕಣಿಕೆಯೂ ಹಾಳಾಗುತ್ತದೆ. ಎತ್ತು, ಎಮ್ಮೆ ಸಾಕಿದವರಿಗೆ ಇದು ದೊಡ್ಡ ನಷ್ಟ. ಈ ರೋಗ ತಡೆಯುವ ಜೀನೋಮ್ ಭಾಗಗಳನ್ನು ಹುಡುಕಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ವರದಿ ಮಾಡಿದರು. ಅವರು ಸಂಕರದ ಒಂದು ಕಡೆಯ ತಳಿಯಾಗಿ ಬಳಸಿದ್ದು ಇ36-1 ಎಂಬ, ಇದೂ ಇಥಿಯೋಪಿಯಾ ಮೂಲದ, ಹಸಿರು ಉಳಿಸಿಕೊಳ್ಳುವ ಜೋಳವನ್ನೇ.

ಕಡಲೆಯಲ್ಲಿ ವಿಜ್ಞಾನ ಹೊಲದ ಅಂಚಿಗೇ ಬಂದಿದೆ. ಗದಗ–ಹುಬ್ಬಳ್ಳಿ ರಸ್ತೆಯ ಅಣ್ಣಿಗೇರಿಯ ಹೆಸರು ಹೊತ್ತ ಅಣ್ಣಿಗೇರಿ-1 ತಳಿ 1978ರಲ್ಲಿ ಬಿಡುಗಡೆಯಾಗಿ ಈ ಭಾಗದ ಮನೆಮಾತಾಯಿತು. ಸಿಡಿ ರೋಗಕ್ಕೆ ಅದು ಸೋಲತೊಡಗಿದಾಗ ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಇಕ್ರಿಸ್ಯಾಟ್ ಸೇರಿ, ಡಬ್ಲ್ಯೂಆರ್ 315 ಎಂಬ ತಳಿಯ ನಿರೋಧಕ ಗುಣವನ್ನು ಡಿಎನ್‌ಎ ಗುರುತುಗಳ ಸಹಾಯದಿಂದ ಅದಕ್ಕೆ ತಂದವು. ಅದು 2019ರ ಸೂಪರ್ ಅಣ್ಣಿಗೇರಿ-1. ಇದರಲ್ಲಿ ಹೊರಗಿನ ಜೀವಿಯ ಜೀನು ಸೇರಿಲ್ಲ. ಕಡಲೆಗೆ ಕಡಲೆಯನ್ನೇ ಸಂಕರ ಮಾಡಿ, ಎಳೆ ಸಸಿಯ ಡಿಎನ್‌ಎ ಓದಿ ಬೇಕಾದದ್ದನ್ನು ಆರಿಸುವ ಕ್ರಮ ಇದು.

ಬರದ ವಿಷಯದಲ್ಲಿ ಹೆಸರು ಮಾಡಿದ್ದು ಐಸಿಸಿ 4958 ಎಂಬ ಕಡಲೆ. ಅದರ ನಾಲ್ಕನೆಯ ವರ್ಣತಂತುವಿನ ಒಂದು ತುಣುಕನ್ನು ಜೆಜಿ 11 ತಳಿಗೆ ಸೇರಿಸಲಾಯಿತು, ಮುಂದೆ ಅದೇ ತುಣುಕು ಹೊತ್ತ ಪೂಸಾ ಕಡಲೆ 10216 ತಳಿಯೂ ಬಂತು. ಆ ತುಣುಕು ಆಳದ ಬೇರು ಕೊಡುತ್ತದೆಂದು ಮೊದಲು ನಂಬಿದ್ದರು. ಗಿಡದ ಎಳೆತನದ ಹುರುಪಿಗೂ ಅದಕ್ಕೂ ನಂಟಿದೆ, ನೀರು ಉಳಿಸುವ ಗುಣ ಜೀನೋಮಿನ ಬೇರೆ ಕಡೆ ಇದೆ ಎಂದು 2018ರ ಅಧ್ಯಯನ ತೋರಿಸಿತು. ಬರ ತಾಳುವುದು ಒಂದು ಜೀನಿನ ಕೆಲಸವಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹೊಳೆ ದಂಡೆಯವರಿಗೆ ಬರದ ಜೊತೆ ನೆರೆಯೂ ಗೊತ್ತು. 2009ರಲ್ಲೂ 2019ರಲ್ಲೂ ಮಲಪ್ರಭೆ ಉಕ್ಕಿ ರೋಣ, ನರಗುಂದ ತಾಲ್ಲೂಕುಗಳ ಹೊಲಗಳನ್ನು ಮುಳುಗಿಸಿತು. ನೀರು ನಿಂತರೆ ಬೇರಿಗೆ ಆಮ್ಲಜನಕ ಸಿಗದೆ ಗಿಡ ಸಾಯುತ್ತದೆ. ಭತ್ತದಲ್ಲಿ ಇದಕ್ಕೆ ಉತ್ತರ ಸಿಕ್ಕಿದ್ದು ಒಡಿಶಾದ ರೈತರ ಹಳೆಯ ತಳಿಯೊಂದರಲ್ಲಿ. ಅದರ ಸಬ್1ಎ ಜೀನು ಮುಳುಗಿದ ಗಿಡದ ಬೆಳವಣಿಗೆಯನ್ನೇ ತಡೆದು, ಶಕ್ತಿ ಉಳಿಸಿ, ಸುಮಾರು ಎರಡು ವಾರ ಜೀವ ಹಿಡಿದಿಡುತ್ತದೆ. ಜೀನು 2006ರಲ್ಲಿ ಗೊತ್ತಾಯಿತು, 2009ಕ್ಕೆ ಆ ಜೀನು ಹೊತ್ತ ಸ್ವರ್ಣ-ಸಬ್1 ಭತ್ತ ಗದ್ದೆಗಿಳಿಯಿತು.

ಸಂಶೋಧಕರಿಗೆ ಕಚ್ಚಾ ಸಾಮಗ್ರಿ ಒದಗಿಸಿದ್ದು ಬಹುಪಾಲು ಇಂಥ ನಾಟಿ ಬೀಜಗಳೇ. ಇಂದಿಗೂ ಹಿಂಗಾರಿ ಹೊಲಗಳಲ್ಲಿ ಗಟ್ಟಿಯಾಗಿ ನಿಂತಿರುವ ಎಂ35-1, 1930ರ ದಶಕದಲ್ಲಿ ಸೊಲ್ಲಾಪುರದ ಬಳಿಯ ಮೊಹೋಳದಲ್ಲಿ ರೈತರ ಮಾಲದಂಡಿ ಜೋಳದಿಂದ ಆರಿಸಿದ್ದು. ಅಂಥ ಬೀಜ ಒಮ್ಮೆ ಕಳೆದುಹೋದರೆ ಯಾವ ಪ್ರಯೋಗಾಲಯವೂ ಅದನ್ನು ಮತ್ತೆ ಹುಟ್ಟಿಸಲಾರದು. ರೋಣ, ನರಗುಂದ, ಗಜೇಂದ್ರಗಡದ ಯಾವುದೇ ಮನೆಯಲ್ಲಿ ಹಿರಿಯರ ಕಾಲದ ಜೋಳ, ಕಡಲೆ, ಹೆಸರಿನ ಬೀಜ ಉಳಿದಿದ್ದರೆ ಅದನ್ನು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಧಾರವಾಡದ ವಿಶ್ವವಿದ್ಯಾಲಯಕ್ಕೋ ಒಯ್ದು ತೋರಿಸಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ರೈತರು ತಮ್ಮ ತಳಿಯನ್ನು ತಮ್ಮ ಹೆಸರಿನಲ್ಲೇ ನೋಂದಾಯಿಸಬಹುದು, ಅದಕ್ಕೆ ನೋಂದಣಿ ಶುಲ್ಕವಿಲ್ಲ.